ಕನಸಿಗೂ ಇದೆ ಎಕ್ಸ್‌ಪೈರಿ ಡೇಟ್

ಇವತ್ತು ಒಂದು ಸಂಖ್ಯೆಯಿಂದ ಶುರು ಮಾಡೋಣ. 35.

ಇದು ಪಾಸಾಗೋ ಮಾರ್ಕ್ಸ್ ಅಲ್ಲ. ಕರ್ನಾಟಕದಲ್ಲಿ ಸಾಮಾನ್ಯ ವರ್ಗದ ಅಭ್ಯರ್ಥಿ ಕೆಎಎಸ್ ಪರೀಕ್ಷೆಗೆ ಅರ್ಜಿ ಹಾಕೋದಕ್ಕೆ ನಿಯಮದಲ್ಲಿರೋ ಗರಿಷ್ಠ ವಯಸ್ಸು. 2ಎ, 2ಬಿ, 3ಎ, 3ಬಿಯವರಿಗೆ 38. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1ಕ್ಕೆ 40. ಈ ಗೆರೆ ದಾಟಿದ ಮಾರನೇ ದಿನ ನೀವೆಷ್ಟೇ ಬುದ್ಧಿವಂತರಾಗಿರಿ, ಎಷ್ಟೇ ಓದಿರಿ, ಆನ್‌ಲೈನ್ ಅರ್ಜಿ ನಿಮ್ಮ ಹುಟ್ಟಿದ ದಿನಾಂಕವನ್ನೇ ಒಪ್ಪಿಕೊಳ್ಳಲ್ಲ.

ಸರಿ, ಅದರಲ್ಲೇನು ತಪ್ಪು? ಒಂದು ವಯಸ್ಸಿನ ಮಿತಿ ಇರಬೇಕಲ್ವಾ? ಇರಬೇಕು. ಅದಕ್ಕೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ. ಹುಡುಗನ ಕಡೆಯಿಂದ ಗಡಿಯಾರ ಇಷ್ಟು ಕಟ್ಟುನಿಟ್ಟಾಗಿ ಓಡ್ತಿದೆ. ಸರ್ಕಾರದ ಕಡೆಯಿಂದ ಯಾವ ಗಡಿಯಾರ ಓಡ್ತಿದೆ? ಅಭ್ಯರ್ಥಿ ಒಂದು ದಿನ ತಡ ಮಾಡಿದರೆ ಅರ್ಜಿ ತಿರಸ್ಕಾರ. ಸರ್ಕಾರ ಮೂರು ವರ್ಷ ತಡ ಮಾಡಿದರೆ? ಏನೂ ಇಲ್ಲ. 'ಪ್ರಕ್ರಿಯೆ ಪ್ರಗತಿಯಲ್ಲಿದೆ' ಅನ್ನೋ ಒಂದು ಸಾಲು.

ಧಾರವಾಡದ ಸಪ್ತಾಪುರ ಭಾಗಕ್ಕೆ ಹೋಗಿದ್ದೀರಾ? ಬೆಂಗಳೂರಿನ ವಿಜಯನಗರ, ಹಂಪಿನಗರ, ಚಂದ್ರಾ ಲೇಔಟ್ ಕಡೆ ಓಡಾಡಿದ್ದೀರಾ? ಬೆಳಿಗ್ಗೆ ಆರು ಗಂಟೆಗೇ ಬೆನ್ನಿಗೊಂದು ಬ್ಯಾಗು, ಕೈಯಲ್ಲೊಂದು ನೀರಿನ ಬಾಟಲಿ ಹಿಡಿದು ಲೈಬ್ರರಿ ಬಾಗಿಲಲ್ಲಿ ನಿಂತಿರೋ ಹುಡುಗ ಹುಡುಗಿಯರನ್ನ ನೋಡಬಹುದು. ರಾಯಚೂರು, ಯಾದಗಿರಿ, ಕೊಪ್ಪಳ, ವಿಜಯಪುರ, ಚಿತ್ರದುರ್ಗ, ಚಾಮರಾಜನಗರ, ಎಲ್ಲ ಕಡೆಯವರೂ ಇರ್ತಾರೆ. ಜೆರಾಕ್ಸ್ ಅಂಗಡಿಯಲ್ಲಿ ಹಳೇ ಪ್ರಶ್ನೆಪತ್ರಿಕೆ, ಟೀ ಅಂಗಡಿಯಲ್ಲಿ ಪ್ರಚಲಿತ ಘಟನೆಗಳ ಚರ್ಚೆ, ರೂಮಿನ ಗೋಡೆ ಮೇಲೆ ಭಾರತದ ನಕ್ಷೆ. ಪಿಎಸ್‌ಐ ಆಗಬೇಕು ಅನ್ನೋರು ಅಷ್ಟೊತ್ತಿಗಾಗಲೇ ಮೈದಾನ ಸುತ್ತಿ ಬಂದಿರ್ತಾರೆ. 1600 ಮೀಟರನ್ನ 7 ನಿಮಿಷದೊಳಗೆ ಓಡಬೇಕಲ್ಲ!

ಒಂದು ಕಾರ್ಯಕ್ರಮಕ್ಕಾಗಿ ಧಾರವಾಡಕ್ಕೆ ಹೋದಾಗ ಇಂಥದ್ದೇ ಒಂದು ರೂಮಿನಲ್ಲಿ ಕೂತಿದ್ದೆ. ನಾಲ್ಕು ಜನ ಹುಡುಗರು. 'ನಿಮ್ಮ ಭವಿಷ್ಯದ ಬಗ್ಗೆ ಏನು ಆಸೆ ಇಟ್ಕೊಂಡಿದ್ದೀರಿ' ಅಂತ ಕೇಳಿದೆ. ಟಿವಿ ಕ್ಯಾಮೆರಾ ಎದುರು ಸಾಮಾನ್ಯವಾಗಿ ಏನು ಹೇಳ್ತಾರೆ? ಸಮಾಜಸೇವೆ, ಬಡವರಿಗೆ ನ್ಯಾಯ, ಭ್ರಷ್ಟಾಚಾರ ನಿರ್ಮೂಲನೆ. ಮೂವರು ಅದನ್ನೇ ಹೇಳಿದರು. ನಾಲ್ಕನೆಯವನು ಸಿಂದಗಿ ಕಡೆಯವನು, ವಯಸ್ಸು 29. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: 'ಸರ್, ನಮ್ಮಪ್ಪ ದಿನಾ ರಾತ್ರಿ ಫೋನ್ ಮಾಡ್ತಾನ್ರಿ. ಊಟ ಆತೇನು ಅಂತಾನ. ನೌಕರಿ ಸುದ್ದಿ ತೆಗಿಯೂದಿಲ್ಲ. ಮೊದಲ ಎರಡು ವರ್ಷ ಕೇಳ್ತಿದ್ದ. ಈಗ ಬಿಟ್ಟಾನ. ಅಂವ ಮತ್ತ ಕೇಳೂ ಹಂಗ ಆಗ್ಬೇಕ್ರಿ, ನಾ ಹೌದು ಅನ್ನೂ ಹಂಗ ಆಗ್ಬೇಕು. ಅಷ್ಟ.'

ಬಂಗಲೆ ಕೇಳಲಿಲ್ಲ, ಕಾರು ಕೇಳಲಿಲ್ಲ ನೋಡಿ.

ನಗರದ ಎಷ್ಟೋ ಜನ ನನ್ನನ್ನ ಕೇಳ್ತಾರೆ: 'ಯಾಕ್ ಸರ್ ಇವರೆಲ್ಲ ಸರ್ಕಾರಿ ನೌಕರಿ ಅಂತ ಕೂತ್ಕೋತಾರೆ? ಪ್ರೈವೇಟ್‌ನಲ್ಲಿ ಕೆಲಸ ಇಲ್ವಾ? ಬಿಸಿನೆಸ್ ಮಾಡಬಾರದಾ?' ಕೇಳೋಕೆ ಚೆನ್ನಾಗಿದೆ. ಕಲ್ಯಾಣ ಕರ್ನಾಟಕದ ಒಂದು ಹೋಬಳಿಯಲ್ಲಿ ಬಿಎ ಮುಗಿಸಿದ ಹುಡುಗನ ಜಾಗದಲ್ಲಿ ನಿಂತು ಯೋಚನೆ ಮಾಡಿ. ಅವನ ಊರಿನ ಸುತ್ತ 40 ಕಿಲೋಮೀಟರ್‌ನಲ್ಲಿ ತಿಂಗಳ ಮೊದಲ ತಾರೀಕು ತಪ್ಪದೆ ಸಂಬಳ ಬರೋರು ಯಾರು? ಶಾಲೆಯ ಮೇಷ್ಟ್ರು, ಪಿಡಿಒ, ಗ್ರಾಮ ಲೆಕ್ಕಿಗ, ಪೊಲೀಸ್, ಲೈನ್‌ಮನ್, ನರ್ಸಮ್ಮ. 7ನೇ ವೇತನ ಆಯೋಗದ ಶಿಫಾರಸು ಜಾರಿಯಾದ ಮೇಲೆ, 2024ರ ಆಗಸ್ಟ್‌ನಿಂದ ರಾಜ್ಯ ಸರ್ಕಾರಿ ನೌಕರನ ಕನಿಷ್ಠ ಮೂಲವೇತನವೇ 27,000 ರೂಪಾಯಿ. ಅದು ತೀರಾ ಕೆಳಗಿನ ಹುದ್ದೆಗೆ, ಭತ್ಯೆಗಳು ಬೇರೆ. ಅದೇ ಹುಡುಗ ಬೆಂಗಳೂರಿಗೆ ಬಂದು ಅಂಗಡಿಯಲ್ಲೋ, ಡೆಲಿವರಿಗೋ ನಿಂತರೆ ಕೈಗೆ ಬಂದದ್ದರಲ್ಲಿ ಅರ್ಧ ರೂಮು, ಊಟಕ್ಕೇ ಹೋಗುತ್ತೆ. ಮಳೆ ಕೈಕೊಟ್ಟರೆ ತೊಗರಿ ಹೋಯ್ತು, ಬೆಲೆ ಕೈಕೊಟ್ಟರೆ ಈರುಳ್ಳಿ ಹೋಯ್ತು ಅನ್ನೋ ಮನೆಯಲ್ಲಿ ಹುಟ್ಟಿದವನಿಗೆ ನೌಕರಿ ಅಂದ್ರೆ ಸಂಬಳ ಮಾತ್ರ ಅಲ್ಲ ಸ್ವಾಮಿ. ಬ್ಯಾಂಕಿನವನು ಕೂರಿಸಿ ಮಾತಾಡ್ತಾನೆ. ಅಪ್ಪನಿಗೆ ಆಪರೇಷನ್ ಮಾಡಿಸಬಹುದು. ತಂಗಿಯ ಮದುವೆಗೆ ಬಡ್ಡಿಗೆ ಸಾಲ ತರೋದು ತಪ್ಪುತ್ತೆ. ಅವನಿಗೇ ಹೆಣ್ಣು ಕೊಡ್ತಾರೆ! ಇವರನ್ನ ಸೋಮಾರಿಗಳು, ಸೇಫ್ಟಿ ಹುಡುಕೋರು ಅಂತ ಕರೆಯೋರು ಒಂದು ಬೇಸಿಗೆ ಅಲ್ಲಿ ಇದ್ದು ಬರಲಿ.

ಇನ್ನೊಂದು ವಿಷಯ. ಹುದ್ದೆಗಳೇ ಇಲ್ಲ ಅಂದಿದ್ದರೆ ಈ ಮಾತನ್ನೇ ನಾನು ಎತ್ತುತ್ತಿರಲಿಲ್ಲ. ರಾಜ್ಯ ಸರ್ಕಾರದಲ್ಲಿ ಮಂಜೂರಾಗಿ ಖಾಲಿ ಬಿದ್ದಿರೋ ಹುದ್ದೆಗಳು ಎರಡೂವರೆ ಲಕ್ಷಕ್ಕೂ ಹೆಚ್ಚು. ಆ ಕಡೆ ಕುರ್ಚಿ ಖಾಲಿ, ಈ ಕಡೆ ಕುರ್ಚಿಗಾಗಿ ಕಾದು ನಿಂತವರ ಸಾಲು. ನಡುವೆ ಏನಿದೆ? ಅದನ್ನೇ ಇವತ್ತು ಬಿಡಿಸಿ ಹೇಳಬೇಕು ಅಂತಿರೋದು. ಯಾಕಂದ್ರೆ ಮಕ್ಕಳು 'ರಿಸಲ್ಟ್ ಬಂದಿಲ್ಲ, ಕೋರ್ಟಲ್ಲಿದೆ' ಅಂದರೆ ಎಷ್ಟೋ ತಂದೆ ತಾಯಿಗೆ ಅದೇನು ಅಂತಾನೇ ಅರ್ಥ ಆಗಲ್ಲ. 'ನೀನು ಸರಿಯಾಗಿ ಓದಿಲ್ಲ, ಅದಕ್ಕೇ ಕತೆ ಹೇಳ್ತೀಯ' ಅಂದುಬಿಡ್ತಾರೆ.

ಒಬ್ಬರು ತಹಶೀಲ್ದಾರ್ 60 ವರ್ಷ ತುಂಬಿ ನಿವೃತ್ತಿ ಆದರು ಅಂದುಕೊಳ್ಳಿ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯ್ತು. ಕುರ್ಚಿ ಖಾಲಿ. ಅವರು ನಿವೃತ್ತಿ ಆಗೋ ದಿನಾಂಕ ಸರ್ಕಾರಕ್ಕೆ ಅವರು ಕೆಲಸಕ್ಕೆ ಸೇರಿದ ದಿನವೇ ಗೊತ್ತಿತ್ತು, ಅದು ನೆನಪಿರಲಿ. ಈಗ ಆ ಹುದ್ದೆ ತುಂಬಬೇಕು ಅಂದರೆ ಮೊದಲು ಇಲಾಖೆ ಪ್ರಸ್ತಾವನೆ ಕಳಿಸಬೇಕು. ಅದು ಆರ್ಥಿಕ ಇಲಾಖೆಗೆ ಹೋಗಬೇಕು. ಅಲ್ಲಿ ಫೈಲು ಎಷ್ಟು ದಿನ ಮಲಗುತ್ತೆ ಅನ್ನೋದಕ್ಕೆ ಯಾವ ಮಿತಿಯೂ ಇಲ್ಲ. ಮಲಗಿದಷ್ಟೂ ಖಜಾನೆಗೆ ಸಂಬಳ ಉಳಿಯುತ್ತಲ್ಲ! ಒಪ್ಪಿಗೆ ಸಿಕ್ಕ ಮೇಲೆ ವೃಂದ ಮತ್ತು ನೇಮಕಾತಿ ನಿಯಮ ನೋಡಬೇಕು. ನಿಯಮ ಹಳೆಯದಾಗಿದ್ದರೆ ತಿದ್ದುಪಡಿ, ಕರಡು, ಆಕ್ಷೇಪಣೆ, ಅಂತಿಮ ಅಧಿಸೂಚನೆ. ಆಮೇಲೆ ರೋಸ್ಟರ್. ಯಾವ ಹುದ್ದೆ ಯಾವ ವರ್ಗಕ್ಕೆ ಅನ್ನೋ ಲೆಕ್ಕ. ಅದರೊಳಗೆ ಮಹಿಳೆಯರಿಗೆ ಶೇ.33, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ.5, ಗ್ರಾಮೀಣ ಅಭ್ಯರ್ಥಿಗಳಿಗೆ, ಮಾಜಿ ಸೈನಿಕರಿಗೆ, ಅಂಗವಿಕಲರಿಗೆ, ಯೋಜನೆಗಳಿಂದ ಮನೆ ಜಮೀನು ಕಳಕೊಂಡವರಿಗೆ ಪಾಲು. ಅದರ ಜೊತೆ 371ಜೆ ಅಡಿ ಕಲ್ಯಾಣ ಕರ್ನಾಟಕದ ಪ್ರತ್ಯೇಕ ಲೆಕ್ಕ. ಇವೆಲ್ಲವೂ ಇರಬೇಕಾದವೇ. ಸಾಮಾಜಿಕ ನ್ಯಾಯದ ಮೇಲೆ ತಡದ ಗೂಬೆ ಕೂರಿಸೋದು ನನಗೆ ಒಪ್ಪಿಗೆ ಇಲ್ಲ. ಆದರೆ ಈ ಲೆಕ್ಕವನ್ನ ವರ್ಷವರ್ಷ ಅಪ್‌ಡೇಟ್ ಮಾಡಿ ಇಟ್ಟುಕೊಳ್ಳೋದಕ್ಕೆ ಇಲಾಖೆಗಳಿಗೆ ಏನು ಕಷ್ಟ? ಅರ್ಜಿ ಕರೆಯೋ ಹೊತ್ತಿಗೆ ಕೂತು ಲೆಕ್ಕ ಹಾಕ್ತಾರೆ, ತಪ್ಪು ಮಾಡ್ತಾರೆ, ಯಾರೋ ನ್ಯಾಯಮಂಡಳಿಗೆ ಹೋಗ್ತಾರೆ, ಎಲ್ಲವೂ ನಿಲ್ಲುತ್ತೆ.

ಇಷ್ಟೆಲ್ಲ ಆದ ಮೇಲೆ ಕೆಪಿಎಸ್‌ಸಿಗೋ, ಕೆಇಎಗೋ ಹೋಗುತ್ತೆ. ಅಲ್ಲಿಂದ ಅಧಿಸೂಚನೆ, ಅರ್ಜಿ, ಪೂರ್ವಭಾವಿ ಪರೀಕ್ಷೆ, ಕೀ ಆನ್ಸರ್, ಕೀ ಆನ್ಸರ್‌ಗೆ ಆಕ್ಷೇಪಣೆ, ಪರಿಷ್ಕೃತ ಕೀ ಆನ್ಸರ್, ಮುಖ್ಯ ಪರೀಕ್ಷೆ, ಮೌಲ್ಯಮಾಪನ, ಸಂದರ್ಶನ, ತಾತ್ಕಾಲಿಕ ಪಟ್ಟಿ, ಅದಕ್ಕೂ ಆಕ್ಷೇಪಣೆ, ಅಂತಿಮ ಪಟ್ಟಿ, ದಾಖಲೆ ಪರಿಶೀಲನೆ, ಸಿಂಧುತ್ವ ಪ್ರಮಾಣಪತ್ರ, ಪೊಲೀಸ್ ವೆರಿಫಿಕೇಷನ್, ವೈದ್ಯಕೀಯ ತಪಾಸಣೆ. ಕೊನೆಗೆ ಆ ಆರ್ಡರ್ ಕಾಪಿ. ಓದೋವಾಗಲೇ ಉಸಿರು ಸಿಕ್ಕಿಕೊಳ್ತಲ್ವಾ? ಇದರಲ್ಲಿ ಅಭ್ಯರ್ಥಿಯ ಕೈಯಲ್ಲಿರೋದು ಎಷ್ಟು? ಅರ್ಜಿ ಹಾಕೋದು, ಪರೀಕ್ಷೆ ಬರೆಯೋದು, ಸಂದರ್ಶನಕ್ಕೆ ಹೋಗಿ ಕೂರೋದು. ಅವನು ಪರೀಕ್ಷೆ, ಸಂದರ್ಶನಕ್ಕೆ ಅಂತ ಕೂರೋದನ್ನೆಲ್ಲ ಲೆಕ್ಕ ಹಾಕಿ, ಹತ್ತು ಹದಿನೈದು ದಿನ ದಾಟಲ್ಲ. ಉಳಿದ ವರ್ಷಗಳೆಲ್ಲ ಬೇರೆಯವರ ಮೇಜಿನ ಮೇಲಿನವು.

ಉದಾಹರಣೆ ಬೇಕಾ? ದೂರ ಹೋಗೋದು ಬೇಡ.

545 ಪಿಎಸ್‌ಐ ಹುದ್ದೆಗಳು. ಅಧಿಸೂಚನೆ ಬಂದಿದ್ದು 2021ರ ಜನವರಿಯಲ್ಲಿ. ದೇಹದಾರ್ಢ್ಯ ಪರೀಕ್ಷೆ ದಾಟಿದ ಸುಮಾರು 54 ಸಾವಿರ ಅಭ್ಯರ್ಥಿಗಳು 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ಬರೆದರು. 2022ರ ಜನವರಿಯಲ್ಲಿ ತಾತ್ಕಾಲಿಕ ಪಟ್ಟಿ ಬಂತು. ಪಟ್ಟಿಯಲ್ಲಿ ಹೆಸರಿದ್ದವರ ಮನೆಗಳಲ್ಲಿ ಪೇಡಾ ಹಂಚಿ ಆಯ್ತು, ಊರಲ್ಲಿ ಬ್ಯಾನರ್ ಕಟ್ಟಿ ಆಯ್ತು. ಏಪ್ರಿಲ್ ಹೊತ್ತಿಗೆ ಓಎಂಆರ್ ಶೀಟಿನ ಕತೆ ಹೊರಗೆ ಬಂತು. ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಿಂದ ಶುರುವಾದ ಸಿಐಡಿ ತನಿಖೆ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯ ಬಂಧನದವರೆಗೆ ಹೋಯ್ತು. ಏಪ್ರಿಲ್ ಕೊನೆಯಲ್ಲೇ ಸರ್ಕಾರ ಮರುಪರೀಕ್ಷೆ ಘೋಷಿಸಿತು. ತಪ್ಪು ಮಾಡದ ನಮಗ್ಯಾಕೆ ಶಿಕ್ಷೆ ಅಂತ ಆಯ್ಕೆಯಾದವರು ಕೋರ್ಟಿಗೆ ಹೋದರು. ಅವರ ವಾದದಲ್ಲೂ ನೋವಿತ್ತು. ಆರೋಪಿಗಳಾಗಿ ಡಿಬಾರ್ ಆದವರು 52 ಜನ, ಉಳಿದವರು ಏನು ಮಾಡಬೇಕು? 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಮರುಪರೀಕ್ಷೆಯನ್ನ ಎತ್ತಿಹಿಡಿಯಿತು. 2024ರ ಜನವರಿ 23ಕ್ಕೆ ಬೆಂಗಳೂರಿನಲ್ಲಿ ಕೆಇಎ ಪರೀಕ್ಷೆ ಮಾಡಿತು. ಅಂತಿಮ ಪಟ್ಟಿ ಬಂದಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ.

2021ರ ಜನವರಿಯಿಂದ 2024ರ ಅಕ್ಟೋಬರ್. ಮೂರು ವರ್ಷ ಒಂಬತ್ತು ತಿಂಗಳು. ಒಂದು ಡಿಗ್ರಿಗಿಂತ ಹೆಚ್ಚು! ನಾವು ಟಿವಿಯಲ್ಲಿ ಆ ಹಗರಣವನ್ನ ತಿಂಗಳುಗಟ್ಟಲೆ ತೋರಿಸಿದ್ವಿ. ಯಾರು ಎಷ್ಟು ಲಕ್ಷಕ್ಕೆ ಡೀಲ್ ಮಾಡಿದರು, ಬ್ಲೂಟೂತ್ ಎಲ್ಲಿತ್ತು, ಯಾರ ಅರೆಸ್ಟ್ ಆಯ್ತು. ಆದರೆ ಸಾವಿರಾರು ಪ್ರಾಮಾಣಿಕ ಹುಡುಗರಿಂದ ಆ ಮೂರೂ ಮುಕ್ಕಾಲು ವರ್ಷ ಕದ್ದ ಲೆಕ್ಕಕ್ಕೆ ಎಫ್‌ಐಆರ್ ಹಾಕೋ ಸೆಕ್ಷನ್ ಯಾವ ಕಾನೂನಿನಲ್ಲಿದೆ?

ಇದಕ್ಕಿಂತ ಹಳೆಯದು ಕೆಎಎಸ್ 2011ರ ಬ್ಯಾಚ್. 362 ಹುದ್ದೆ. 2011ರಲ್ಲಿ ಅಧಿಸೂಚನೆ. ಸಂದರ್ಶನದ ಹೊತ್ತಿಗೆ ಅಕ್ರಮದ ದೂರು, ಸಿಐಡಿ ತನಿಖೆ. 2014ರಲ್ಲಿ ಸರ್ಕಾರ ಇಡೀ ಪಟ್ಟಿಯನ್ನೇ ವಾಪಸ್ ಪಡೆಯಿತು. ನ್ಯಾಯಮಂಡಳಿ ಒಂದು ಹೇಳಿತು, ಹೈಕೋರ್ಟ್ ಇನ್ನೊಂದು ಹೇಳಿತು, ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. ಕೊನೆಗೆ 2022ರಲ್ಲಿ ವಿಧಾನಮಂಡಲ ಒಂದು ಕಾಯ್ದೆಯನ್ನೇ ಮಾಡಿ ಆ ಆಯ್ಕೆಯನ್ನ ಸಿಂಧು ಅಂತ ಹೇಳಬೇಕಾಯ್ತು. ಆ ಕಾಯ್ದೆ ಸರಿಯೋ ತಪ್ಪೋ, ಅದರ ಬಗ್ಗೆ ಎರಡು ಅಭಿಪ್ರಾಯ ಇವೆ, ಇರಲಿ. ನಾನು ವಯಸ್ಸಿನ ಲೆಕ್ಕ ಮಾತ್ರ ಹಾಕ್ತೀನಿ. 2011ರಲ್ಲಿ 24 ವರ್ಷದವನಾಗಿ ಅರ್ಜಿ ಹಾಕಿದವನಿಗೆ 2022ರಲ್ಲಿ 35. ಅಲ್ಲಿಗೆ ನಾವು ಶುರು ಮಾಡಿದ ಸಂಖ್ಯೆಗೇ ಬಂದು ನಿಂತ. ಪಟ್ಟಿಯಲ್ಲಿ ಇದ್ದವನಿಗಾದರೂ ಒಂದು ಅರ್ಥ ಸಿಕ್ಕಿತು. ಪಟ್ಟಿ ರದ್ದಾಯ್ತಲ್ಲ, ಇನ್ನೊಂದು ಚಾನ್ಸ್ ಸಿಗಬಹುದು ಅಂತ ಕಾದು ಕೂತ, ಪಟ್ಟಿಯಲ್ಲಿ ಇಲ್ಲದವನಿಗೆ?

ಇನ್ನೊಂದಕ್ಕೆ ಬನ್ನಿ. 2020ರ ಜನವರಿಯಲ್ಲಿ 106 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅರ್ಜಿ ಕರೆದರು. ಮುಂದಿನ ಅಧಿಸೂಚನೆ, 384 ಹುದ್ದೆಗಳದ್ದು, ಬಂದಿದ್ದು 2024ರ ಫೆಬ್ರವರಿಯಲ್ಲಿ. ನಡುವೆ ನಾಲ್ಕು ವರ್ಷ ಖಾಲಿ. ಅದೇ ನಾಲ್ಕು ವರ್ಷದಲ್ಲಿ ಯುಪಿಎಸ್‌ಸಿ, ಕೋವಿಡ್ ಕಾಲದಲ್ಲೂ ಒಂದು ವರ್ಷವೂ ತಪ್ಪಿಸದೆ ನಾಗರಿಕ ಸೇವಾ ಪರೀಕ್ಷೆ ನಡೆಸಿದೆ. ನಾಲ್ಕು ವರ್ಷದ ಹಸಿವಿನ ಮೇಲೆ ಬಂದ ಊಟ ಹೇಗಿತ್ತು ಗೊತ್ತಲ್ಲ? ಆಗಸ್ಟ್ 27ಕ್ಕೆ ಪೂರ್ವಭಾವಿ ಪರೀಕ್ಷೆ. ಇಂಗ್ಲಿಷ್ ಪ್ರಶ್ನೆಗಳನ್ನ ಕನ್ನಡಕ್ಕೆ ತಂದ ರೀತಿ ಹೇಗಿತ್ತೆಂದರೆ, ಕನ್ನಡದಲ್ಲಿ ಓದಿ ಉತ್ತರ ಬರೆಯೋ ಹುಡುಗ ಇಂಗ್ಲಿಷ್ ಪ್ರಶ್ನೆ ಓದಿ ಕನ್ನಡ ಅರ್ಥ ಮಾಡಿಕೊಳ್ಳಬೇಕಾಯ್ತು. ಕರ್ನಾಟಕ ಲೋಕಸೇವಾ ಆಯೋಗದ ಪ್ರಶ್ನೆಪತ್ರಿಕೆಯಲ್ಲಿ! ಗಲಾಟೆ ಆಯ್ತು, ಮುಖ್ಯಮಂತ್ರಿಗಳು ಮರುಪರೀಕ್ಷೆ ಘೋಷಿಸಿದರು. 2024ರ ಡಿಸೆಂಬರ್ 29ಕ್ಕೆ ಅದೂ ಆಯ್ತು. ಅದರ ಕನ್ನಡದಲ್ಲೂ ತಪ್ಪು. ಮತ್ತೆ ಪ್ರತಿಭಟನೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದವನು ಎರಡೆರಡು ಸಲ ಅದೇ ಕಲ್ಲಿಗೆ ಎಡವಬೇಕಾ? ಕಲ್ಲು ಇಟ್ಟವರು ಯಾರು?

ಇದರ ಜೊತೆಗೆ ಒಳಮೀಸಲಾತಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಗಳ ಒಳಗೆ ಉಪವರ್ಗೀಕರಣ ಮಾಡೋ ಅಧಿಕಾರ ರಾಜ್ಯಗಳಿಗಿದೆ ಅಂತ ತೀರ್ಪು ಕೊಟ್ಟಿತು. ದಶಕಗಳ ಹೋರಾಟಕ್ಕೆ ಸಿಕ್ಕ ಫಲ ಅದು. ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಒಂದು ತೀರ್ಮಾನ ಮಾಡಿತು: ನಿವೃತ್ತ ನ್ಯಾಯಮೂರ್ತಿಗಳ ಆಯೋಗ ರಚಿಸ್ತೀವಿ, ಅದರ ವರದಿ ಬರೋವರೆಗೆ ಹೊಸ ಅಧಿಸೂಚನೆ ಹೊರಡಿಸಲ್ಲ. ಕಾರಣ ಅರ್ಥ ಆಗುತ್ತೆ. ಹಂಚಿಕೆ ತೀರ್ಮಾನ ಆಗದೆ ಹುದ್ದೆ ತುಂಬಿದರೆ, ಇಷ್ಟು ವರ್ಷ ಕಾದ ಸಮುದಾಯಗಳಿಗೆ ಅನ್ಯಾಯ. ಆದರೆ ನಿಂತ ಗಡಿಯಾರ ಯಾರದ್ದು? ಸರ್ಕಾರದ್ದು ಮಾತ್ರ. ಆ ಸಮುದಾಯಗಳದ್ದೇ ಒಬ್ಬ ಹುಡುಗನಿಗೆ ಆಗ 39 ಆಗಿದ್ದರೆ, ಅವನ ವಯಸ್ಸನ್ನ ಯಾವ ಸಂಪುಟ ತಡೆಹಿಡಿಯಿತು?

'ಅದಕ್ಕೇ ವಯೋಮಿತಿ ಸಡಿಲಿಸಿದ್ದೀವಲ್ಲ' ಅಂತಾರೆ ವಿಧಾನಸೌಧದಲ್ಲಿ. ಹೌದು, 2024ರ ಸೆಪ್ಟೆಂಬರ್‌ನಲ್ಲಿ, ಒಂದು ಬಾರಿಗೆ ಅನ್ವಯ ಆಗೋ ಹಾಗೆ 3 ವರ್ಷ ಸಡಿಲಿಕೆ ಕೊಟ್ಟರು. ಅದನ್ನ ಬೇಡ ಅನ್ನೋನು ನಾನಲ್ಲ. ತಡ ಮಾಡಿದ್ದು ಸರ್ಕಾರ ಆದ ಮೇಲೆ ಅದು ಕೊಡಲೇಬೇಕಾದ್ದು. ಆದರೆ ಇದನ್ನ ಉಡುಗೊರೆ ಅನ್ನೋ ಹಾಗೆ ಘೋಷಣೆ ಮಾಡೋದಿದೆಯಲ್ಲ, ಅದು ಸರಿಯಲ್ಲ. ಸಡಿಲಿಕೆಯಿಂದ ಹುದ್ದೆ ಹೆಚ್ಚಾಗಲಿಲ್ಲ, ಸಾಲು ಉದ್ದವಾಯ್ತು. ಈಗಷ್ಟೇ ಡಿಗ್ರಿ ಮುಗಿಸಿದ 22ರ ಹುಡುಗಿಯೂ, ಎರಡು ಮಕ್ಕಳಿರೋ 37ರ ಗಂಡಸೂ ಒಂದೇ ಬೆಂಚಿನಲ್ಲಿ ಕೂತು ಅದೇ ಹುದ್ದೆಗಳಿಗೆ ಬರೀತಾರೆ. ಇನ್ನು 38ರಲ್ಲಿ ನೌಕರಿ ಸೇರಿದವನಿಗೆ ಸಿಗೋ ಸೇವಾವಧಿ 22 ವರ್ಷ. 25ಕ್ಕೆ ಸೇರಿದವನಿಗೆ 35. ಬಡ್ತಿ, ಇನ್‌ಕ್ರಿಮೆಂಟು, ಎನ್‌ಪಿಎಸ್‌ನಲ್ಲಿ ಕೂಡೋ ದುಡ್ಡು, ಎಲ್ಲದರಲ್ಲೂ ಆ 13 ವರ್ಷ ಕಡಿಮೆ. ಸಡಿಲಿಕೆ ಆದೇಶದಲ್ಲಿ ಅದನ್ನ ತುಂಬಿಕೊಡೋ ಕಾಲಂ ಇಲ್ಲ.

ಯುವನಿಧಿ ಇದೆಯಲ್ಲ ಅಂತಲೂ ಕೇಳಬಹುದು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಪದವೀಧರನಿಗೆ ಒಟ್ಟು 72,000 ರೂಪಾಯಿ. ಬಡ ಮನೆಯ ಹುಡುಗನಿಗೆ ಅದು ದೊಡ್ಡ ಆಸರೆಯೇ, ಲೈಬ್ರರಿ ಫೀಸು, ಅರ್ಜಿ ಶುಲ್ಕ, ಬಸ್ ಚಾರ್ಜು ಅದರಲ್ಲಿ ಹೋಗುತ್ತೆ. ಎರಡೇ ವರ್ಷ ಅನ್ನೋದನ್ನ ಮಾತ್ರ ಮೇಲಿನ ಮೂರು ವರ್ಷ ಒಂಬತ್ತು ತಿಂಗಳ ಪಕ್ಕ ಇಟ್ಟು ನೋಡಿ.

ಇಲ್ಲಿವರೆಗೆ ನಾನು 'ಹುಡುಗ, ಹುಡುಗ' ಅಂತಲೇ ಹೇಳಿಕೊಂಡು ಬಂದೆ. ಹುಡುಗಿಯರ ವಿಷಯ ಬೇರೆಯೇ ಇದೆ. ಅವರಿಗೆ ಸರ್ಕಾರದ 35, 38, 40 ಲೆಕ್ಕಕ್ಕೇ ಬರಲ್ಲ. ಅವರ ವಯೋಮಿತಿ ನಿಗದಿ ಮಾಡೋದು ಮನೆಯಲ್ಲಿ. ಅಧಿಸೂಚನೆ ಇಲ್ಲ, ಗೆಜೆಟ್ ಇಲ್ಲ. ಅಡುಗೆಮನೆಯಲ್ಲಿ ಅತ್ತೆಯೋ, ದೊಡ್ಡಮ್ಮನೋ 'ಇನ್ನೊಂದು ವರ್ಷ ನೋಡೋಣ, ಆಮೇಲೆ ಗಂಡು ನೋಡಿಬಿಡಿ' ಅಂದರೆ ಮುಗೀತು. ಆ ಒಂದು ವರ್ಷ ಎಷ್ಟು ಕಷ್ಟಪಟ್ಟು ಪಡೆದದ್ದು ಅನ್ನೋದು ಆ ಹುಡುಗಿಗೇ ಗೊತ್ತು. ಅಪ್ಪನ ಹತ್ತಿರ ವಾದ ಮಾಡಿ, ಅಣ್ಣನ ಹತ್ತಿರ ಹೇಳಿಸಿ, ಬಂದ ಒಂದೆರಡು ಸಂಬಂಧ ತಳ್ಳಿ, ಊರವರ ಮಾತು ಕೇಳಿಸಿಕೊಂಡು ಧಾರವಾಡಕ್ಕೆ ಬಂದಿರ್ತಾಳೆ. ಆ ವರ್ಷದೊಳಗೆ ಅಧಿಸೂಚನೆಯೇ ಬರಲಿಲ್ಲ ಅಂದ್ರೆ? ಪರೀಕ್ಷೆ ಮುಂದಕ್ಕೆ ಹೋಯ್ತು ಅಂದ್ರೆ? ಹುಡುಗನಿಗೆ ಒಂದು ಅಟೆಂಪ್ಟ್ ಹೋಗುತ್ತೆ. ಅವಳಿಗೆ ಅಲ್ಲಿಗೇ ಮುಗಿಯುತ್ತೆ. 'ಪರೀಕ್ಷೆಯನ್ನು ತಾಂತ್ರಿಕ ಕಾರಣಗಳಿಂದ ಮುಂದೂಡಲಾಗಿದೆ' ಅಂತ ವೆಬ್‌ಸೈಟಿನಲ್ಲಿ ಒಂದು ಸಾಲು ಹಾಕೋ ಅಧಿಕಾರಿಗೆ, ಆ ಸಾಲಿನಿಂದ ಎಲ್ಲೋ ಒಂದು ಊರಲ್ಲಿ ಲಗ್ನಪತ್ರಿಕೆ ಪ್ರಿಂಟ್ ಆಗುತ್ತೆ ಅಂತ ಗೊತ್ತಿರುತ್ತಾ? ಮಹಿಳೆಯರಿಗೆ ಶೇ.33 ಮೀಸಲು ಇಟ್ಟು, ಮೂರು ವರ್ಷ ಪರೀಕ್ಷೆಯನ್ನೇ ಮಾಡದಿದ್ದರೆ ಆ ಮೀಸಲಾತಿ ಕಾಗದದ ಮೇಲೆ ಮಾತ್ರ. ಇದನ್ನ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಯಾಕಂದ್ರೆ ವಿಳಂಬಕ್ಕೆ ಗಂಡು ಹೆಣ್ಣು ಅನ್ನೋ ಭೇದ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಇದೆ.

ಇನ್ನು ಅಭ್ಯರ್ಥಿಗಳಿಗೂ ಒಂದೆರಡು ಮಾತು. ಬೇಜಾರು ಮಾಡ್ಕೋಬೇಡಿ. ನಿಮ್ಮ ಸುತ್ತ ಒಂದು ದೊಡ್ಡ ವ್ಯಾಪಾರ ನಡೀತಿದೆ. ಯೂಟ್ಯೂಬ್ ತೆಗೆದರೆ ಸಾಕು, 'ಶೀಘ್ರದಲ್ಲೇ ಸಾವಿರಾರು ಹುದ್ದೆಗಳ ಬೃಹತ್ ನೇಮಕಾತಿ' ಅಂತ ಕೆಂಪು ಅಕ್ಷರದ ಥಂಬ್‌ನೇಲ್. ಒಳಗೆ ನೋಡಿದರೆ ಯಾವನೋ ಮಂತ್ರಿ ಯಾವುದೋ ಸಮಾರಂಭದಲ್ಲಿ ಹೇಳಿದ ಒಂದು ಮಾತು. ಆ ಮಾತಿನ ಮೇಲೆ ಹೊಸ ಬ್ಯಾಚ್, ಹೊಸ ಫೀಸು. ಒಂದು ನಿಯಮ ಇಟ್ಟುಕೊಳ್ಳಿ: ಆರ್ಥಿಕ ಇಲಾಖೆ ಒಪ್ಪಿಗೆ ಕೊಟ್ಟು, ವರ್ಗೀಕರಣ ಮುಗಿದು, ಅಧಿಕೃತ ವೆಬ್‌ಸೈಟಿನಲ್ಲಿ ಅಧಿಸೂಚನೆ ಬರೋವರೆಗೆ ಅದು ಸುದ್ದಿ ಅಲ್ಲ, ಗಾಳಿಮಾತು. ಇನ್ನೊಂದು, ಒಂದೇ ಹುದ್ದೆಗೆ ಕುತ್ತಿಗೆ ಕೊಟ್ಟು ಕೂರಬೇಡಿ. ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ, ಭೂಗೋಳ, ನೀವು ಓದೋ ಇದೇ ಸಿಲಬಸ್ ಕೇಂದ್ರದ ಎಸ್‌ಎಸ್‌ಸಿಗೂ ಬಹುಪಾಲು ಬರುತ್ತೆ. ಗಣಿತ, ಇಂಗ್ಲಿಷ್ ಸ್ವಲ್ಪ ಗಟ್ಟಿ ಮಾಡಿಕೊಂಡರೆ ಬ್ಯಾಂಕು, ರೈಲ್ವೆಯ ಬಾಗಿಲೂ ತೆರೆಯುತ್ತೆ. ಅಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷ ಏನಾದರೂ ಕರೀತಾರೆ. ಕರ್ನಾಟಕದ ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನ ಕನ್ನಡದಲ್ಲೇ ಬರೆಯಬಹುದು, ಎಷ್ಟೋ ಹುಡುಗರಿಗೆ ಇದು ಗೊತ್ತೇ ಇಲ್ಲ. ನಮ್ಮವರು ಕೇಂದ್ರದ ಪರೀಕ್ಷೆ ಅಂದ ಕೂಡಲೇ ಹಿಂದೆ ಸರಿಯೋದು ನೋಡಿ ನನಗೆ ಸಿಟ್ಟು ಬಂದದ್ದಿದೆ.

ಮನೆಯವರಿಗೂ ಹೇಳಬೇಕು. ಮಗ ಮೂರು ವರ್ಷ ಓದಿದ, ಏನೂ ಆಗಲಿಲ್ಲ ಅನ್ನೋ ಮುಂಚೆ, ಆ ಮೂರು ವರ್ಷದಲ್ಲಿ ಅವನು ಬರೆಯಬಹುದಾಗಿದ್ದ ಎಷ್ಟು ಪರೀಕ್ಷೆ ನಡೆದಿವೆ ಅಂತ ಕೇಳಿ. ಉತ್ತರ ಎಷ್ಟೋ ಸಲ ಒಂದೋ, ಸೊನ್ನೆಯೋ ಆಗಿರುತ್ತೆ. ನಡೆಯದ ಪರೀಕ್ಷೆಯಲ್ಲಿ ಯಾರೂ ಫೇಲ್ ಆಗಲ್ಲ.

ಹಾಗಾದರೆ ಏನು ಮಾಡಬೇಕು? ಇದಕ್ಕೆ ಹೊಸ ಆಯೋಗ ಬೇಡ, ಸಮಿತಿ ಬೇಡ. ಪಕ್ಕದ ತಮಿಳುನಾಡಿನ ಟಿಎನ್‌ಪಿಎಸ್‌ಸಿ ವರ್ಷದ ಪರೀಕ್ಷೆಗಳ ಪಟ್ಟಿಯನ್ನ ಮುಂಚೆಯೇ ಪ್ರಕಟಿಸುತ್ತೆ. ಯಾವ ಪರೀಕ್ಷೆಗೆ ಯಾವತ್ತು ಅಧಿಸೂಚನೆ, ಯಾವತ್ತು ಪರೀಕ್ಷೆ ಅಂತ. ತೆಲಂಗಾಣ 2024ರಲ್ಲಿ ವಿಧಾನಸಭೆಯಲ್ಲೇ ಜಾಬ್ ಕ್ಯಾಲೆಂಡರ್ ಮಂಡಿಸಿತು. ಅಲ್ಲೂ ತಡ ಆಗುತ್ತೆ, ಅಲ್ಲೂ ಕೋರ್ಟಿದೆ. ಆದರೆ ಒಂದು ದಿನಾಂಕ ಬರೆದು ಗೋಡೆಗೆ ಅಂಟಿಸಿದ ಮೇಲೆ, ಅದು ತಪ್ಪಿದಾಗ ಯಾಕೆ ಅಂತ ಕೇಳಬಹುದು. ದಿನಾಂಕವೇ ಇಲ್ಲದಿದ್ದರೆ ಏನಂತ ಕೇಳ್ತೀರಿ? ಮುಂದಿನ ಐದು ವರ್ಷದಲ್ಲಿ ಯಾವ ತಿಂಗಳು ಎಷ್ಟು ಜನ ನಿವೃತ್ತರಾಗ್ತಾರೆ ಅನ್ನೋದು ಎಚ್‌ಆರ್‌ಎಂಎಸ್‌ನಲ್ಲಿ ಒಂದು ಬಟನ್ ಒತ್ತಿದರೆ ಬರುತ್ತೆ. ಸಂಬಳ ಅದರಲ್ಲೇ ಆಗ್ತಿರೋದಲ್ವಾ? ಅದನ್ನ ನೋಡಿ ಒಂದು ವರ್ಷ ಮೊದಲೇ ಪ್ರಸ್ತಾವನೆ ಕಳಿಸಿ ಅಂತ ಹೇಳೋದಕ್ಕೆ ಒಂದು ಸುತ್ತೋಲೆ ಸಾಕು. ಆರ್ಥಿಕ ಇಲಾಖೆ ಇಷ್ಟು ದಿನದೊಳಗೆ ಹೌದು ಅಥವಾ ಇಲ್ಲ ಅನ್ನಬೇಕು ಅಂತ ಒಂದು ಮಿತಿ ಹಾಕಿ. ಅಭ್ಯರ್ಥಿಗೆ ವಯೋಮಿತಿ ಹಾಕ್ತೀರಲ್ಲ, ಫೈಲಿಗೂ ಒಂದು ಹಾಕಿ.

ಆಯೋಗದ ವರದಿ ಇನ್ನೂ ಬರದಿದ್ದ ದಿನಗಳಲ್ಲಿ ಈ ವಿಷಯವನ್ನ ರಾತ್ರಿ ಒಂಬತ್ತರ ಕಾರ್ಯಕ್ರಮದಲ್ಲಿ ಹೇಳಿದ ಮೇಲೆ ಬಂದ ಮೆಸೇಜುಗಳನ್ನ ಓದ್ತಾ ಕೂತಿದ್ದೆ. ಬಹುಪಾಲು ಬೈಗುಳ, ಸರ್ಕಾರಕ್ಕೂ ಇದೆ, ನನಗೂ ಇದೆ. ನಡುವೆ ಒಂದು ಹುಡುಗಿಯದ್ದು. ಹೊಸದುರ್ಗ ಕಡೆಯವಳು, ಎಂಎ ಆಗಿದೆ, ವಿಜಯನಗರದ ಪಿಜಿಯಲ್ಲಿದ್ದಾಳೆ. ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. 'ಸರ್, ಆಯೋಗದ ವರದಿ ಯಾವ ತಿಂಗಳು ಬರಬಹುದು ಅಂತ ನಿಮಗೇನಾದರೂ ಗೊತ್ತಾಗುತ್ತಾ? ಯುಗಾದಿಗೆ ಊರಿಗೆ ಹೋಗ್ತಿದ್ದೀನಿ. ಮನೆಯಲ್ಲಿ ಒಂದು ತಾರೀಕು ಹೇಳಬೇಕು.'

ನಮ್ಮ ವಿಧಾನಸೌಧ ವರದಿಗಾರನಿಗೆ ಫೋನ್ ಮಾಡಿದೆ. ಅವನು ಒಬ್ಬ ಅಧಿಕಾರಿಯನ್ನ ಕೇಳಿದ. ಅವರು ಇನ್ನೊಬ್ಬರನ್ನ ಕೇಳಿ ಹೇಳ್ತೀನಿ ಅಂದರು. ಎಂಟು ದಿನ ಕಳೆದವು.